ಮತದಾರ ಹೇಳಿದ್ದು, ಪಕ್ಷಕ್ಕೆ ಕೇಳಿಸಿದ್ದು

1992ರ ಏಪ್ರಿಲ್ 9ರಂದು ಬ್ರಿಟನ್ನಿನ ಲೇಬರ್ ಪಕ್ಷ ಸತತ ನಾಲ್ಕನೇ ಸಲ ಸೋತಿತು. ಕೊನೆಯ ಸಮೀಕ್ಷೆಗಳ ಸರಾಸರಿಯಲ್ಲಿ ಅದು ಕನ್ಸರ್ವೇಟಿವ್ ಪಕ್ಷಕ್ಕಿಂತ ಶೇ 1ರಷ್ಟು ಮುಂದಿತ್ತು. ಮತ ಎಣಿಸಿದಾಗ ಸುಮಾರು ಶೇ 7.5ರಷ್ಟು ಹಿಂದಿತ್ತು. ಪಕ್ಷ ಬದಲಾಗಲು ಒಪ್ಪಲೇ ಇಲ್ಲ ಎನ್ನುವಂತಿಲ್ಲ. ಅಣ್ವಸ್ತ್ರ ಬಿಡುತ್ತೇವೆ, ಯುರೋಪಿಯನ್ ಸಮುದಾಯದಿಂದ ಹೊರಬರುತ್ತೇವೆ ಎಂದು ಹೇಳಿ 1983ರಲ್ಲಿ ಶೇ 27.6 ಮತಕ್ಕೆ ಕುಸಿದಿದ್ದ ಪಕ್ಷ ಅದು. ಆಮೇಲೆ ಪಕ್ಷದ ಚಿಹ್ನೆಯಾಗಿ ಕೆಂಬಾವುಟದ ಜಾಗಕ್ಕೆ ಕೆಂಗುಲಾಬಿ ಬಂತು, ಎರಡು ವರ್ಷ ಕೂತು ನೀತಿಗಳನ್ನೆಲ್ಲ ತಿದ್ದಿದ್ದೂ ಆಯಿತು. ಆದರೂ ಸೋಲು.

ಮೊದಲು ಅಳತೆಗೋಲನ್ನೇ ನೋಡೋಣ. ಸಾವಿರ ಜನರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದರೆ ಒಂದು ಪಕ್ಷದ ಮತಪ್ರಮಾಣ ಶೇ 3ರಷ್ಟು ಆಚೀಚೆ ಆಗಬಹುದು. ಎರಡು ಪಕ್ಷಗಳ ನಡುವಿನ ಅಂತರದಲ್ಲಾದರೆ ಈ ಏರುಪೇರು ಹೆಚ್ಚುಕಡಿಮೆ ಎರಡರಷ್ಟು; ಪತ್ರಿಕೆಗಳು ಇದನ್ನು ಬರೆಯುವುದೇ ಅಪರೂಪ. ಈ ಏರುಪೇರನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಸಾವಿರ ಜನ ಬೇಕು. ಆದರೆ 1992ರಲ್ಲಿ ಕೈಕೊಟ್ಟದ್ದು ಈ ಲೆಕ್ಕವಲ್ಲ, ಏಕೆಂದರೆ ಸಮೀಕ್ಷೆಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದವು. ಇಂತಿಷ್ಟು ಗಂಡಸರು, ಇಂತಿಷ್ಟು ಕಾರ್ಮಿಕ ವರ್ಗದವರು ಎಂದು ಹಾಕಿಕೊಂಡಿದ್ದ ಕೋಟಾ ದೇಶದ ನಿಜವಾದ ಜನಸಂಖ್ಯೆಗೆ ಸರಿಹೊಂದಿರಲಿಲ್ಲ. ಕನ್ಸರ್ವೇಟಿವ್ ಬೆಂಬಲಿಗರು ತಮ್ಮ ಆಯ್ಕೆ ಹೇಳಲು ಹಿಂಜರಿದರು. ಕೆಲವರು ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿದರು. ಇಂಥ ದೋಷ ಹತ್ತು ಸಾವಿರ ಜನರನ್ನು ಕೇಳಿದರೂ ಹೋಗುವುದಿಲ್ಲ. ತಪ್ಪು ಉತ್ತರ ಇನ್ನಷ್ಟು ಖಚಿತವಾಗಿ ಕಾಣುತ್ತದೆ, ಅಷ್ಟೇ.

ಇದಕ್ಕಿಂತ ಕುತೂಹಲದ್ದು ಪ್ರಶ್ನೆಯ ಸಂಗತಿ. ತೆರಿಗೆ ಏರಿಸಿ ಆರೋಗ್ಯ, ಶಿಕ್ಷಣ, ಪಿಂಚಣಿಯಂಥವಕ್ಕೆ ಹೆಚ್ಚು ಖರ್ಚು ಮಾಡಬೇಕೇ ಎಂದು ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಸಮೀಕ್ಷೆ 1983ರಿಂದಲೂ ಕೇಳುತ್ತ ಬಂದಿದೆ. ಆಗ ಹೌದೆಂದವರು ಸುಮಾರು ಮೂರರಲ್ಲೊಂದು ಪಾಲು. 1991ರ ಹೊತ್ತಿಗೆ ಮೂರರಲ್ಲೆರಡು ಪಾಲು. ಗಾಳಿ ತನ್ನ ಕಡೆಗೇ ಬೀಸುತ್ತಿದೆ ಎಂದು ಲೇಬರ್ ನಂಬಿದ್ದರೆ ಆಶ್ಚರ್ಯವೇನಿಲ್ಲ. ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 40ರಿಂದ 50ಕ್ಕೆ ಏರಿಸುವ, ಸಂಬಳದಿಂದ ಕಡಿತವಾಗುವ ರಾಷ್ಟ್ರೀಯ ವಿಮೆಯ ವಂತಿಗೆಗಿದ್ದ ಮೇಲ್ಮಿತಿಯನ್ನು ತೆಗೆಯುವ ಪರ್ಯಾಯ ಬಜೆಟ್ಟನ್ನೇ ಅದು ಚುನಾವಣೆಗೆ ಮುಂಚೆ ಮಂಡಿಸಿತು. ಎದುರಾಳಿಗಳು ಹೊರೆಯನ್ನು ಪೌಂಡುಗಳಲ್ಲಿ ಲೆಕ್ಕಹಾಕಿ ಪೋಸ್ಟರ್ ಅಂಟಿಸಿದರು. ಸಮೀಕ್ಷೆಯ ಪ್ರಶ್ನೆಯಲ್ಲಿ ಯಾರ ತೆರಿಗೆ ಎಂಬುದಿರಲಿಲ್ಲ. ಪೋಸ್ಟರಿನಲ್ಲಿ ಇತ್ತು: ನಿಮ್ಮದು.

ಇಬ್ಬರೇ ಸ್ಪರ್ಧಿಗಳಿದ್ದಾಗ ಇಬ್ಬರೂ ನಟ್ಟನಡುವಿನ ಮತದಾರನ ಕಡೆಗೆ ಸರಿಯುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1957ರಲ್ಲಿ ವಾದಿಸಿದ್ದರು. ಕಾಗದದ ಮೇಲೆ ಸುಲಭ. ಆದರೆ ನಾಯಕನನ್ನು, ಅಭ್ಯರ್ಥಿಯನ್ನು ಆರಿಸುವವರು ಪಕ್ಷದ ಒಳಗಿನವರು, ಅವರು ನಡುವಿನಲ್ಲಿ ನಿಂತಿರುವುದಿಲ್ಲ. ಲೇಬರ್‌ನಲ್ಲಿ 1981ರಿಂದ ನಾಯಕನ ಆಯ್ಕೆಯಲ್ಲಿ ಕಾರ್ಮಿಕ ಸಂಘಗಳಿಗೆ ಶೇ 40, ಸಂಸದರಿಗೆ 30, ಕ್ಷೇತ್ರ ಘಟಕಗಳಿಗೆ 30ರ ಪಾಲು ಇತ್ತು. ಆದ್ದರಿಂದ ನಿಯಮವೇ ಮೊದಲು ಬದಲಾಗಬೇಕಿತ್ತು. ಒಬ್ಬ ಸದಸ್ಯನಿಗೆ ಒಂದು ಮತ ಎಂಬ ಪದ್ಧತಿಗೆ 1993ರ ಸಮ್ಮೇಳನ ಒಪ್ಪಿತು. ಉತ್ಪಾದನಾ ಸಾಧನಗಳು ಸಾರ್ವಜನಿಕ ಒಡೆತನದಲ್ಲಿರಬೇಕು ಎನ್ನುತ್ತಿದ್ದ, 1918ರಿಂದ ಇದ್ದ ಪಕ್ಷದ ಸಂವಿಧಾನದ ನಾಲ್ಕನೇ ವಿಧಿಯನ್ನು 1995ರ ಏಪ್ರಿಲ್‌ನಲ್ಲಿ ಪಕ್ಷದ ನಾಯಕ ಟೋನಿ ಬ್ಲೇರ್ ತಿದ್ದಿ ಬರೆಸಿದರು. ಹಿಂದಿನ ನಾಯಕ ಹ್ಯೂ ಗೇಟ್‌ಸ್ಕೆಲ್ ಇದೇ ಕೆಲಸಕ್ಕೆ 1959ರಲ್ಲಿ ಕೈಹಾಕಿ ಸೋತಿದ್ದರು. ಗುಲಾಬಿ ಮೊದಲು, ನಿಯಮ ಆಮೇಲೆ ಎಂಬ ಎಂಬತ್ತರ ದಶಕದ ಸರದಿಯೇ ತಪ್ಪಾಗಿತ್ತು ಎನಿಸುತ್ತದೆ.

1997ರಲ್ಲಿ ಪಕ್ಷ ಜೇಬಿನಲ್ಲಿಡುವ ಒಂದು ಕಾರ್ಡಿನ ಮೇಲೆ ಐದು ಭರವಸೆ ಅಚ್ಚುಹಾಕಿಸಿತು. 5ರಿಂದ 7 ವರ್ಷದ ಮಕ್ಕಳ ತರಗತಿಯಲ್ಲಿ 30ಕ್ಕಿಂತ ಹೆಚ್ಚು ಮಕ್ಕಳಿರುವುದಿಲ್ಲ; ಆಸ್ಪತ್ರೆಗಳಲ್ಲಿ ಇನ್ನೂ ಒಂದು ಲಕ್ಷ ರೋಗಿಗಳಿಗೆ ಚಿಕಿತ್ಸೆ; 25 ವರ್ಷದೊಳಗಿನ ಎರಡೂವರೆ ಲಕ್ಷ ಜನರಿಗೆ ಕೆಲಸ; ಬಾಲಾಪರಾಧಿಗಳಿಗೆ ಬೇಗ ಶಿಕ್ಷೆ; ಆದಾಯ ತೆರಿಗೆಯ ದರ ಏರುವುದಿಲ್ಲ. ಸಣ್ಣ ಸಂಖ್ಯೆಗಳು, ಯಾರು ಬೇಕಾದರೂ ಲೆಕ್ಕ ಕೇಳಬಹುದಾದಂಥವು. ಶೇ 43.2 ಮತಕ್ಕೆ 659ರಲ್ಲಿ 418 ಸ್ಥಾನ ಬಂತು.

ಸ್ಥಾನ ನೋಡಿ ಜನರ ಮನಸ್ಸು ಅಳೆಯಬಾರದು ಎಂಬುದು ನಮಗೂ ಗೊತ್ತಿರಬೇಕಾದ ಮಾತು, ಚುನಾವಣಾ ಪದ್ಧತಿ ಅದೇ ತಾನೇ. ಕರ್ನಾಟಕದಲ್ಲಿ 2018ರಲ್ಲೂ 2023ರಲ್ಲೂ ಬಿಜೆಪಿಗೆ ಬಿದ್ದದ್ದು ಸುಮಾರು ಶೇ 36 ಮತ. ಸ್ಥಾನ ಮಾತ್ರ 104ರಿಂದ 66ಕ್ಕಿಳಿಯಿತು.

ಗೆದ್ದ ಮೇಲೂ ಕಷ್ಟ ಮುಗಿಯುವುದಿಲ್ಲ. ರಾಜಕೀಯ ವಿಜ್ಞಾನಿ ಕ್ರಿಸ್ಟೋಫರ್ ವ್ಲೆಜಿಯೆನ್ 1995ರಲ್ಲಿ ವಿವರಿಸಿದ ಪ್ರಕಾರ ಜನಾಭಿಪ್ರಾಯ ಗೀಸರಿನ ಥರ್ಮೋಸ್ಟಾಟ್ ಥರ ಕೆಲಸ ಮಾಡುತ್ತದೆ: ನೀರು ಕಾದಂತೆ ಇನ್ನು ಸಾಕು ಎನ್ನುತ್ತದೆ. ಲೇಬರ್ ಸರ್ಕಾರ ಆರೋಗ್ಯ ಸೇವೆಗೆಂದು 2003ರ ಏಪ್ರಿಲ್‌ನಿಂದ ರಾಷ್ಟ್ರೀಯ ವಿಮೆಯ ವಂತಿಗೆಯನ್ನು ಶೇ 1ರಷ್ಟು ಏರಿಸಿತು, ಖರ್ಚನ್ನೂ ಹೆಚ್ಚಿಸಿತು. ತೆರಿಗೆ ಏರಿಸಿ ಎನ್ನುವವರ ಪಾಲು ಇಳಿಯುತ್ತ ಹೋಗಿ 2010ರ ಹೊತ್ತಿಗೆ ಮತ್ತೆ ಮೂರರಲ್ಲೊಂದರ ಆಸುಪಾಸಿಗೆ ಬಂತು. ಖರ್ಚು ಕಡಿತದ ಭಯ ತೋರಿಸುವ ಹಳೆಯ ಮಾತನ್ನೇ ಇಟ್ಟುಕೊಂಡು ಆ ವರ್ಷ ಚುನಾವಣೆಗೆ ಹೋದ ಪಕ್ಷಕ್ಕೆ ಸಿಕ್ಕಿದ್ದು ಶೇ 29. ಅದರಲ್ಲಿ 2008ರ ಆರ್ಥಿಕ ಕುಸಿತದ ಪಾಲೂ ದೊಡ್ಡದಿತ್ತು.