ಶಾಕ್ ಯಾಕೆ ಹೊಡೆಯಿತು ಅಂತ ನಾಯಿಗೆ ಯಾರು ಹೇಳಬೇಕು?

ಶಾಕ್ ಕಾಲರ್, ಅಂದರೆ ನಾಯಿಯ ಕುತ್ತಿಗೆಗೆ ಕಟ್ಟಿ ಕರೆಂಟ್ ತಾಗಿಸುವ ಪಟ್ಟಿ, ಕೊಳ್ಳಬೇಕೋ ಬೇಡವೋ ಅಂತ ಕೇಳಿಕೊಂಡು ನನ್ನ ಹತ್ತಿರ ಬರುವವರು ಕಡಿಮೆ. ಕೊಂಡು, ಒಂದೆರಡು ತಿಂಗಳು ಹಾಕಿ, ಏನೋ ಎಡವಟ್ಟಾದ ಮೇಲೆ ಬರುವವರೇ ಜಾಸ್ತಿ. ಕಳೆದ ವರ್ಷ ಬಂದವರೊಬ್ಬರ ಕಥೆಯೂ ಅದೇ. "ಮೊದಲು ಬೇರೆ ನಾಯಿ ಕಂಡ್ರೆ ಬೊಗಳ್ತಿತ್ತು ಸರ್. ಕಾಲರ್ ಹಾಕಿದ ಮೇಲೆ ಬೊಗಳೋದು ಪೂರ್ತಿ ನಿಂತಿದೆ. ಆದ್ರೆ ಈಗ ಸದ್ದೇ ಇಲ್ದೆ ಹೋಗಿ ಕಚ್ಚಿಬಿಡುತ್ತೆ."

ನಾಯಿಯ ಕಡೆಯಿಂದ ನೋಡಿ. ದೂರದಲ್ಲಿ ಇನ್ನೊಂದು ನಾಯಿ ಕಾಣುತ್ತದೆ, ಇದು ಮೊದಲೇ ಪುಕ್ಕಲು, ಹತ್ತಿರ ಬರಬೇಡ ಅಂತ ಬೊಗಳುತ್ತದೆ, ಅಷ್ಟರಲ್ಲಿ ಕುತ್ತಿಗೆಗೆ ಚುರ್ ಅಂತ ಏನೋ ತಾಗುತ್ತದೆ. ಬೊಗಳಿದ್ದಕ್ಕೆ ಶಾಕ್ ಅಂತ ನಿಮಗೆ ಗೊತ್ತು. ನಾಯಿಗೆ ಯಾರು ಹೇಳಬೇಕು? ಅದು ಆ ಹೊತ್ತಿಗೆ ನೋಡುತ್ತಿದ್ದದ್ದು ಎದುರಿನ ನಾಯಿಯನ್ನು. ಆ ನಾಯಿ ಬಂದರೆ ನನಗೆ ನೋವಾಗುತ್ತದೆ ಅಂತ ಲೆಕ್ಕ ಹಾಕಿದರೆ ಅದರ ತಪ್ಪೇನು? ಜೊತೆಗೆ ಬಾಯಿ ಬಿಟ್ಟರೂ ನೋವು ಅಂತ ಕಲಿಯಿತು. ಹೀಗೆ ಭಯ ದುಪ್ಪಟ್ಟಾಯಿತು, ಎಚ್ಚರಿಕೆ ಕೊಡುವ ದಾರಿ ಮುಚ್ಚಿತು. ಉಳಿದದ್ದು ಹಲ್ಲು ಮಾತ್ರ.

ಈ ಕಾಲರ್ ಕೆಲಸ ಮಾಡುವ ರೀತಿ ಸರಳ. ಒಳಗಡೆ ಎರಡು ಲೋಹದ ಮೊನೆಗಳಿರುತ್ತವೆ, ಕೂದಲ ಮಧ್ಯೆ ತೂರಿ ಚರ್ಮಕ್ಕೆ ತಾಗುತ್ತವೆ. ರಿಮೋಟಿನ ಗುಂಡಿ ಒತ್ತಿದರೆ ಆ ಎರಡರ ನಡುವೆ ಕರೆಂಟ್ ಹರಿಯುತ್ತದೆ, ಕ್ಷಣಮಾತ್ರ ಬೇಕಾದರೆ ಹಾಗೆ, ಬೆರಳು ತೆಗೆಯುವವರೆಗೆ ಬೇಕಾದರೆ ಹಾಗೆ. ಮಾರುವವರು ಶಾಕ್ ಅನ್ನುವುದಿಲ್ಲ, ಸ್ಟಿಮ್ಯುಲೇಷನ್ ಅನ್ನುತ್ತಾರೆ. ಕೇಳೋಕೆ ಮಸಾಜ್ ತರ ಇದೆ, ಅಲ್ವಾ? ಪ್ರಾಣ ತೆಗೆಯುವ ಕರೆಂಟ್ ಇದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ರಿಮೋಟಿನಲ್ಲಿ ಅದೇ ನಂಬರ್ ಇದ್ದರೂ ಕೂದಲು ಒದ್ದೆಯಾದಾಗ ಒಂದು ತರ, ಪಟ್ಟಿ ಸಡಿಲವಾದಾಗ ಇನ್ನೊಂದು ತರ ತಾಗುತ್ತದೆ. ದಿನವಿಡೀ ಬಿಗಿಯಾಗಿ ಹಾಕಿಟ್ಟರೆ ಆ ಮೊನೆಗಳು ಒತ್ತಿ ಒತ್ತಿ ಹುಣ್ಣಾಗುವುದೂ ಇದೆ, ಅದಕ್ಕೆ ಕರೆಂಟೇ ಬೇಕಿಲ್ಲ.

"ನಾನೇ ಕೈಗೆ ಕಟ್ಕೊಂಡು ನೋಡಿದೀನಿ, ಏನೂ ಆಗಲ್ಲ" ಅನ್ನುವವರು ತುಂಬ ಜನ. ಗುಂಡಿ ಒತ್ತಿದ್ದು ನೀವೇ ಸ್ವಾಮಿ. ಯಾವಾಗ ಬರುತ್ತದೆ, ಯಾಕೆ ಬರುತ್ತದೆ, ಹೇಗೆ ನಿಲ್ಲಿಸಬೇಕು ಅಂತ ನಿಮಗೆ ಮೊದಲೇ ಗೊತ್ತು. ಅದೊಂದು ಗೊತ್ತಿರುವುದರಿಂದಲೇ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ 2007ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ ತೋರಿಸಿದೆ. ಬೀಗಲ್ ತಳಿಯ 14 ನಾಯಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬೇಟೆಯ ಪ್ರಾಣಿಯಂತೆ ಕಾಣುವ ಗೊಂಬೆಯನ್ನು ಮುಟ್ಟಿದ ಕ್ಷಣಕ್ಕೇ ಶಾಕ್, ಇನ್ನೊಂದಕ್ಕೆ ಕರೆದಾಗ ವಾಪಸ್ ಬರದಿದ್ದರೆ, ಮೂರನೆಯದಕ್ಕೆ ಹೊತ್ತುಗೊತ್ತಿಲ್ಲದೆ. ಜೊಲ್ಲಿನಲ್ಲಿ ಕಾರ್ಟಿಸಾಲ್ ಅಂದರೆ ಒತ್ತಡದ ಹಾರ್ಮೋನ್ ಅಳೆದರು. ಮೊದಲ ಗುಂಪಿನಲ್ಲಿ ಅದು ಅಷ್ಟೇನೂ ಏರಲಿಲ್ಲ, ಹೊತ್ತುಗೊತ್ತಿಲ್ಲದೆ ಶಾಕ್ ತಿಂದವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಏರಿತು. ಎರಡನೆಯ ಗುಂಪಿನಲ್ಲೂ ಏರಿತ್ತು, ಇದನ್ನು ಗಮನಿಸಿ, ಯಾಕೆಂದರೆ ಮನೆಗಳಲ್ಲಿ ಜನ ಕಾಲರ್ ಹಾಕುವುದೇ ಕರೆದರೆ ಬರಲಿ ಅಂತ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಿಮೋಟು ಹಿಡಿದು ನಡೆಯುವ ನಮ್ಮ ಬೆರಳಿಗೆ ಆ ಮೊದಲ ಗುಂಪಿನ ಕರಾರುವಾಕ್ಕು ಎಲ್ಲಿಂದ ಬರಬೇಕು?

ಹಾಗಾದರೆ ಇದರಿಂದ ಕೆಲಸವೇ ಆಗಲ್ವಾ ಅಂದರೆ, ಆಗುತ್ತದೆ. ನೋವಾದರೆ ಯಾವ ಪ್ರಾಣಿಯಾದರೂ ಮಾಡುತ್ತಿದ್ದದ್ದನ್ನು ನಿಲ್ಲಿಸುತ್ತದೆ. ಮೊದಲು ಹಗ್ಗದಲ್ಲಿ ಪಾಠ ಕಲಿಸಿ, ಆಮೇಲೆ ಕಿವಿ ಅಲುಗುವಷ್ಟು ಮಾತ್ರ ಕರೆಂಟ್ ಇಟ್ಟು ಕೆಲಸ ಮಾಡುವ ಟ್ರೇನರ್‌ಗಳನ್ನೂ ನಾನು ನೋಡಿದ್ದೇನೆ, ಅವರ ಕೈಚಳಕ ಸುಳ್ಳಲ್ಲ. ಆದರೆ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು 63 ಸಾಕುನಾಯಿಗಳ ಮೇಲೆ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಳಗಿದವರೇ ಕಾಲರ್ ಬಳಸಿದರೂ ತಿಂಡಿ ಕೊಟ್ಟು ಕಲಿಸಿದ್ದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹೆಚ್ಚು ಬಿಗುವಾಗಿದ್ದದ್ದು ಮಾತ್ರ ಕಾಲರ್ ಹಾಕಿದ ನಾಯಿಗಳು. ವೇಲ್ಸ್ 2010ರಲ್ಲೇ ಇದನ್ನು ನಿಷೇಧಿಸಿತು. ಜರ್ಮನಿಯಲ್ಲಿ 2006ರ ಕೋರ್ಟ್ ತೀರ್ಪಿನ ಮೇಲೆ ತರಬೇತಿಯಲ್ಲಿ ಇದರ ಬಳಕೆ ನಿಂತಿತು.

ರಿಮೋಟೂ ಇಲ್ಲದೆ, ನಾಯಿ ಬೊಗಳಿದ ಕೂಡಲೇ ತಾನೇ ಶಾಕ್ ಕೊಡುವ ಕಾಲರ್ ಕಂಡರೆ ಮಾತ್ರ ನನಗೆ ಸಿಟ್ಟೇ ಬರುತ್ತದೆ. ಒಂಟಿಯಾಗಿ ಬಿಟ್ಟು ಹೋದಾಗ ದಿಗಿಲಿಗೆ ಕೂಗುವ ನಾಯಿಗೆ ಇದನ್ನು ಕಟ್ಟುವುದು, ಅಳುವ ಮಗುವಿನ ಬಾಯಿ ಮುಚ್ಚಿ ಸಮಾಧಾನ ಆಯ್ತು ಅಂದಹಾಗೆ. ಪಕ್ಕದ ಮನೆಯವರಿಗೆ ನೆಮ್ಮದಿ ಸಿಗಬಹುದು. ಒಳಗಿನ ದಿಗಿಲು ಹಾಗೇ ಇರುತ್ತದೆ.

ಆ ಕಚ್ಚುವ ನಾಯಿಗೆ ನಾವು ಮಾಡಿದ್ದು ಇಷ್ಟೇ. ಕಾಲರ್ ಬಿಚ್ಚಿದೆವು. ಮೊದಲು ಡಾಕ್ಟರ್‌ಗೆ ತೋರಿಸಿದೆವು, ಹಲ್ಲುನೋವು ಕೀಲುನೋವು ಇದ್ದರೂ ನಾಯಿ ಸಿಡಿಮಿಡಿ ಮಾಡುತ್ತದೆ. ಹೊರಗೆ ಹೋಗುವಾಗ ಬಾಯಿಗೆ ಬುಟ್ಟಿಯಂಥ ಮಝಲ್ ಮತ್ತು ಉದ್ದ ಹಗ್ಗ. ಎದುರಿನ ನಾಯಿ ಕಂಡರೂ ಇದು ಬಿಗಿಯಾಗದಷ್ಟು ದೂರದಲ್ಲಿ ನಿಲ್ಲುವುದು, ಅದು ಕಂಡ ತಕ್ಷಣ ಒಂದು ತುಂಡು ಮಾಂಸ, ಮರೆಯಾದ ತಕ್ಷಣ ಮಾಂಸವೂ ಬಂದ್. ನೋಡುವವರಿಗೆ ಬೋರಾಗುವಷ್ಟು ನಿಧಾನ. ವಾರಗಟ್ಟಲೆ ಎರಡು ಹೆಜ್ಜೆ ಹತ್ತಿರ, ಒಂದು ಹೆಜ್ಜೆ ಹಿಂದೆ.

ಸುಮಾರು ಎರಡು ತಿಂಗಳಾದ ಮೇಲೆ ಮಾಲೀಕರು ಗಾಬರಿಯಲ್ಲಿ ಫೋನ್ ಮಾಡಿದರು. "ಸರ್, ಇವತ್ತು ಮತ್ತೆ ಗುರ್ ಅಂತು." ನನಗೆ ಖುಷಿಯೋ ಖುಷಿ. ಅದು ಗುರ್ ಅಂದಾಗ ನೀವೇನು ಮಾಡಿದಿರಿ ಅಂತ ಕೇಳಿದೆ.

"ಏನಿಲ್ಲ, ಸುಮ್ನೆ ತಿರುಗಿಸ್ಕೊಂಡು ಬಂದ್ವಿ. ಅದೂ ಬಂತು."