45 ತಾಸಿನ ಲೆಕ್ಕ: ಪಠ್ಯಯೋಜನೆ ಬರೆಯುವವರಿಗೆ

ವಿಶ್ವವಿದ್ಯಾಲಯದಿಂದ ಬರುವ ಪಠ್ಯಕ್ರಮ ಸಾಮಾನ್ಯವಾಗಿ ಒಂದೂವರೆ ಪುಟ. ಪತ್ರಿಕೆಯ ಹೆಸರು, ಕ್ರೆಡಿಟ್, ನಾಲ್ಕು ಘಟಕ, ಕೊನೆಗೆ ಹದಿನೈದಿಪ್ಪತ್ತು ಪರಾಮರ್ಶನ ಗ್ರಂಥ. ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು ದಾಟಿ ಬಂದ ಆ ಹಾಳೆಯಲ್ಲಿ ಸಂಯೋಜಿತ ಕಾಲೇಜಿನ ಅಧ್ಯಾಪಕರು ಒಂದಕ್ಷರ ತಿದ್ದುವ ಹಾಗಿಲ್ಲ. ಆದರೆ ಅದನ್ನೇ ಝೆರಾಕ್ಸ್ ಮಾಡಿಸಿ ಹಂಚಿದರೆ ಯಾವ ವಾರ ಏನು ಓದಿಕೊಂಡು ಬರಬೇಕು, ಅಂಕ ಯಾವುದಕ್ಕೆ ಎಷ್ಟು, ಅಸೈನ್‌ಮೆಂಟ್ ತಡವಾದರೆ ಏನು ಗತಿ ಎಂಬುದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಆ ಒಂದೂವರೆ ಪುಟವನ್ನು ಆರೇಳು ಪುಟದ ಪೂರ್ಣ ಪಠ್ಯಯೋಜನೆಯಾಗಿ ಬಿಡಿಸುವುದು ಪಾಠ ಮಾಡುವವರ ಕೆಲಸ.

ಉದಾಹರಣೆಗೆ ಪದವಿ ತರಗತಿಯ ಒಂದು ಇತಿಹಾಸ ಪತ್ರಿಕೆ ಇಟ್ಟುಕೊಳ್ಳೋಣ: ಕಲ್ಯಾಣ ಕರ್ನಾಟಕದ ಇತಿಹಾಸ ಮತ್ತು ಸ್ಮಾರಕಗಳು, ಮೂರು ಕ್ರೆಡಿಟ್. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ತಾಸು ಪಾಠ, ಅಥವಾ ಎರಡು ತಾಸು ಪ್ರಾಯೋಗಿಕ ಕೆಲಸ. ಸೆಮಿಸ್ಟರಿಗೆ 15 ವಾರ ಹಿಡಿದರೆ 45 ತಾಸು. ಈ ಸಂಖ್ಯೆಯನ್ನು ನಾಲ್ಕು ಘಟಕಕ್ಕೆ 11, 11, 12, 11 ಎಂದು ಹಂಚಿ ಕೈತೊಳೆದುಕೊಳ್ಳುವಲ್ಲೇ ಮೊದಲ ತಪ್ಪು ಆಗುತ್ತದೆ. ಕಿರುಪರೀಕ್ಷೆ ಯಾವ ತಾಸಿನಲ್ಲಿ? ಉತ್ತರಪತ್ರಿಕೆ ತಿರುಗಿಸಿ ಕೊಟ್ಟು ತಪ್ಪು ಹೇಳುವುದು ಯಾವಾಗ? ಸೆಮಿನಾರ್ ಎಲ್ಲಿ ಕೂಡುತ್ತದೆ? ಕೊನೆಯ ಘಟಕವನ್ನು ನೋಟ್ಸ್ ಬರೆಸಿ ಮುಗಿಸುವ ಚಾಳಿ ಹುಟ್ಟುವುದು ಇಲ್ಲಿಂದಲೇ.

45 ಅನ್ನು ಹೀಗೆ ಮುರಿಯಿರಿ: ಪಾಠಕ್ಕೆ 34, ಎರಡು ಕಿರುಪರೀಕ್ಷೆ ಮತ್ತು ಅವುಗಳ ಚರ್ಚೆಗೆ 3, ವಿದ್ಯಾರ್ಥಿಗಳ ಸೆಮಿನಾರಿಗೆ 4, ಖಾಲಿ 4. ಈ ಖಾಲಿ ತಾಸುಗಳ ಬಗ್ಗೆ ಅಧ್ಯಾಪಕರಿಗೇ ಒಂದು ನಾಚಿಕೆ ಇರುತ್ತದೆ. ಇರಬೇಕಾಗಿಲ್ಲ. ನಮ್ಮ ಭಾಗದ ಕ್ಯಾಲೆಂಡರ್ ತೆಗೆದು ನೋಡಿ. ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಹೋಳಿಯ ಬೆನ್ನಿಗೇ ಬರುತ್ತದೆ. ಅಲ್ಲಿನ ಸೂಫಿ ಸಂತ ಬಂದೇನವಾಜರ ಉರುಸು ಚಾಂದ್ರಮಾನದ ಹಿಜರಿ ಲೆಕ್ಕದ್ದು, ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಹೋದ ವರ್ಷದ ಪಟ್ಟಿ ನೋಡಿ ಬರೆದರೆ ಕೈಕೊಡುತ್ತದೆ. ಯಾದಗಿರಿ ಕಡೆ ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಇದ್ದಾಗ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಸೆಪ್ಟೆಂಬರ್ 17 ಹೇಗೂ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣದ ದಿನ. ಇನ್ನು ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನದ ತರಗತಿ ಕಾಗದದ ಮೇಲಷ್ಟೇ ನಡೆಯುತ್ತದೆ. ಖಾಲಿ ತಾಸು ನಾಲ್ಕನ್ನೂ ಕೊನೆಯ ವಾರಕ್ಕೆ ಗುಡ್ಡೆ ಹಾಕಬೇಡಿ. ಘಟಕಕ್ಕೊಂದರಂತೆ ಅದರ ಕೊನೆಯಲ್ಲಿ ಇಡಿ. ಹಿಂದುಳಿದಿದ್ದರೆ ಅಲ್ಲೇ ಸರಿಹೋಗುತ್ತದೆ, ಇಲ್ಲವಾದರೆ ಪುನರಾವರ್ತನೆ ಆಗುತ್ತದೆ.

ಪಾಠದ 34 ತಾಸು ವಿಷಯದ ತೂಕಕ್ಕೆ ತಕ್ಕ ಹಾಗೆ ಹಂಚಿಕೆಯಾಗಬೇಕು. ಸನ್ನತಿಯ ಅಶೋಕ ಶಾಸನದಿಂದ ಮಳಖೇಡದ ರಾಷ್ಟ್ರಕೂಟರವರೆಗೆ 7, ಕಲ್ಯಾಣದ ಚಾಲುಕ್ಯರು ಮತ್ತು ಶರಣರಿಗೆ 10, ಬಹಮನಿ ಹಾಗೂ ಅವರ ನಂತರ ಬೀದರ್ ಆಳಿದ ಬರೀದಶಾಹಿಗೆ 9, ನಿಜಾಮರ ಕಾಲದಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯವರೆಗೆ 8. ಮುಂದಿನ ಹಂತ ಎಲ್ಲರಿಗೂ ಬೇಸರ ತರಿಸುವಂಥದ್ದು, ಆದರೆ ಯೋಜನೆಯ ಜೀವ ಅಲ್ಲಿದೆ: ಒಂದೊಂದು ತಾಸಿಗೂ ಒಂದೊಂದು ಸಾಲು. ಮೂರನೇ ಘಟಕದಲ್ಲಿ 'ಬಹಮನಿ ಆಡಳಿತ, ಕಲೆ, ವಾಸ್ತುಶಿಲ್ಪ ಇತ್ಯಾದಿ' ಎಂದಷ್ಟೇ ಇದ್ದರೆ, ಆ 'ಇತ್ಯಾದಿ'ಯಿಂದಲೇ ಪರೀಕ್ಷೆಯಲ್ಲಿ ಪ್ರಶ್ನೆ ಬಿದ್ದಾಗ ಯಾರನ್ನೂ ದೂರುವಂತಿಲ್ಲ. ಅದನ್ನು ಬಿಡಿಸಿದರೆ ಹೀಗಾಗುತ್ತದೆ: 1347ರ ಸ್ಥಾಪನೆ ಮತ್ತು ಕಲಬುರಗಿ ರಾಜಧಾನಿಯಾದದ್ದು ಒಂದು ತಾಸು. ತರಫ್‌ಗಳು, ಅಂದರೆ ಪ್ರಾಂತಾಡಳಿತ, ಒಂದು. ಕೋಟೆಯೊಳಗಿನ 1367ರ ಜಾಮಿ ಮಸೀದಿ, ಅದರ ಅಂಗಳಕ್ಕೂ ಛಾವಣಿ ಹಾಕಿದ ವಿಶೇಷ, ಒಂದು. ರಾಜಧಾನಿ ಬೀದರ್‌ಗೆ ಹೋದದ್ದು ಒಂದು. ನಾಲ್ಕು ತರಫ್‌ಗಳನ್ನು ಎಂಟು ಮಾಡಿದ ಬಹಮನಿ ಪ್ರಧಾನಿ ಮಹಮೂದ್ ಗವಾನನ ಸುಧಾರಣೆ ಒಂದು, 1472ರ ಅವನ ಮದರಸಾ ಒಂದು. ಬೀದರ್ ಬಳಿಯ ನೌಬಾದಿನ ಕರೇಜ್, ಅಂದರೆ ಜಂಬಿಟ್ಟಿಗೆ ಕಲ್ಲಿನ ನೆಲದಡಿ ಸುರಂಗದಲ್ಲಿ ನೀರು ಹರಿಸಿದ ಬಗೆ, ಒಂದು. ಬರೀದಶಾಹಿ ಒಂದು. ನಕ್ಷೆ ಕೆಲಸಕ್ಕೆ ಒಂದು. ಒಂಬತ್ತು ಮುಗಿಯಿತು. ಬಿದರಿ ಕಲೆ ಎಲ್ಲಿ ಎಂದು ಕೇಳಿದಿರಾ? ಜಾಗವಿಲ್ಲ. ಅದನ್ನು ಸೆಮಿನಾರಿಗೆ ಕಳಿಸಬೇಕು, ಇಲ್ಲವೇ ಇನ್ನೊಂದು ತಾಸನ್ನು ಬಿಟ್ಟುಕೊಡಬೇಕು. ಸಾಲು ಬರೆಯದ ಹೊರತು ಈ ಇಕ್ಕಟ್ಟು ಕಣ್ಣಿಗೇ ಬೀಳುವುದಿಲ್ಲ.

ರಾಜಧಾನಿ ಬದಲಾದ ವರ್ಷ ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ. ಇಂಥ ಕಡೆ ಯಾವ ಪುಸ್ತಕದ ವರ್ಷವನ್ನು ಪಾಠದಲ್ಲಿ ಹಿಡಿಯುತ್ತೀರಿ, ಬೇರೆ ವರ್ಷ ಬರೆದವರಿಗೂ ಅಂಕ ಸಿಗುತ್ತದೆಯೇ ಎಂದು ಯೋಜನೆಯಲ್ಲೇ ಒಂದು ಸಾಲು ಹಾಕಿ. ಕಿರುಪರೀಕ್ಷೆಯಾದ ಮೇಲೆ ಜಗಳ ಕಡಿಮೆಯಾಗುತ್ತದೆ.

ಕಲಿಕಾ ಫಲಿತಗಳ ವಿಷಯಕ್ಕೆ ಬರೋಣ. ಕಾಲೇಜಿನ ಗುಣಮಟ್ಟ ಅಳೆಯಲು ಬರುವ ನ್ಯಾಕ್ ತಂಡ ಕೇಳುತ್ತದೆಂದು ಬರೆಯುವವರೇ ಹೆಚ್ಚು, ಹಾಗಾಗಿ 'ಅರಿವು ಮೂಡಿಸುವುದು', 'ಪರಿಚಯಿಸುವುದು', 'ಅಭಿಮಾನ ಬೆಳೆಸುವುದು' ಎಂಬ ಮಾತುಗಳೇ ತುಂಬಿರುತ್ತವೆ. ಇವೆಲ್ಲ ಅಧ್ಯಾಪಕರ ಆಸೆಗಳು. ಫಲಿತದ ವಾಕ್ಯಕ್ಕೆ ಕರ್ತೃ ವಿದ್ಯಾರ್ಥಿ, ಕ್ರಿಯಾಪದ ನೋಡಿ ಅಳೆಯಬಹುದಾದದ್ದು. 'ನಾಲ್ಕು ತರಫ್‌ಗಳನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ', 'ಜಾಮಿ ಮಸೀದಿಯನ್ನೂ ಗವಾನನ ಮದರಸಾವನ್ನೂ ಮೂರು ಅಂಶಗಳಲ್ಲಿ ಹೋಲಿಸುತ್ತಾರೆ'. ಐದು ಫಲಿತ ಸಾಕು. ಪ್ರತಿಯೊಂದರ ಎದುರು ಅದನ್ನು ಎಲ್ಲಿ ಪರೀಕ್ಷಿಸುತ್ತೀರಿ ಎಂದು ಬರೆಯಿರಿ. ಎದುರಿಗೆ ಬರೆಯಲು ಏನೂ ಸಿಗದ ಫಲಿತವನ್ನು ಹೊಡೆದುಹಾಕಿ.

ಅಂತಿಮ ಪರೀಕ್ಷೆಗೆ 80, ಆಂತರಿಕಕ್ಕೆ 20 ಇದೆ ಎಂದುಕೊಂಡರೆ, 7, 10, 9, 8 ತಾಸುಗಳ ಅನುಪಾತದಲ್ಲಿ 80 ಅಂಕ ಹೆಚ್ಚು ಕಡಿಮೆ 16, 24, 21, 19 ಆಗುತ್ತದೆ. ಪ್ರಶ್ನೆಗಳ ಅಳತೆಗೆ ಹೊಂದಿಸಿ 15, 25, 20, 20 ಎಂದಿಡಿ. ಅಂತಿಮ ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೂ ಕಿರುಪರೀಕ್ಷೆಗೆ, ಓದಿನ ಸಮಯ ಹಂಚಿಕೊಳ್ಳಲು ಇದೇ ಅಳತೆಗೋಲು. ಕಿರುಪರೀಕ್ಷೆಯನ್ನು ದಿನದ ಮೊದಲ ಅವಧಿಗೆ ಇಡಬೇಡಿ. ಜೇವರ್ಗಿ, ಅಫಜಲಪುರ, ಚಿತ್ತಾಪುರ ಕಡೆಯಿಂದ ಬರುವವರ ಗಡಿಯಾರ ಬಸ್ಸಿನ ಕೈಯಲ್ಲಿದೆ.

ಅಸೈನ್‌ಮೆಂಟಿನಲ್ಲಿ ನಕಲು ಹೆಚ್ಚುವುದಕ್ಕೆ ವಿದ್ಯಾರ್ಥಿಗಳ ಸೋಮಾರಿತನಕ್ಕಿಂತ ಪ್ರಶ್ನೆಯ ಸೋಮಾರಿತನ ದೊಡ್ಡ ಕಾರಣ. 'ಬಹಮನಿ ಆಡಳಿತ ಕುರಿತು ಬರೆಯಿರಿ' ಎಂದರೆ ಮೊಬೈಲ್ ಐದು ನಿಮಿಷದಲ್ಲಿ ಬರೆದುಕೊಡುತ್ತದೆ. 'ನಿಮ್ಮೂರಿನ ಅಥವಾ ತಾಲೂಕಿನ ಒಂದು ಹಳೆಯ ಬಾವಿ, ಗುಡಿ, ದರ್ಗಾ ಅಥವಾ ವೀರಗಲ್ಲು: ನಾಲ್ಕು ಫೋಟೊ, ಅಳತೆ ಹಾಕಿದ ಒಂದು ರೇಖಾಚಿತ್ರ, ಎರಡು ಪುಟ ವಿವರಣೆ' ಎಂದರೆ ಅಲ್ಲಿಗೆ ಹೋಗಲೇಬೇಕು. 10 ಅಂಕವನ್ನು ಅಳತೆಗೆ 3, ವಿವರಣೆಗೆ 3, ಪಾಠದೊಂದಿಗೆ ಜೋಡಿಸಿದ್ದಕ್ಕೆ 2, ಭಾಷೆ ಮತ್ತು ಅಚ್ಚುಕಟ್ಟಿಗೆ 2 ಎಂದು ಮೊದಲೇ ಮುದ್ರಿಸಿ. ನಿಮ್ಮ ಸಮಯದ ಲೆಕ್ಕವನ್ನೂ ಹಾಕಿ: ಒಬ್ಬರದಕ್ಕೆ 10 ನಿಮಿಷವಾದರೆ 60 ಮಂದಿಗೆ 10 ತಾಸು. ಇಂಥವು ಸೆಮಿಸ್ಟರಿಗೆ ಒಂದೇ ಸಾಕು. ಗಡುವು ಮೀರಿದರೆ ದಿನಕ್ಕೆ ಅರ್ಧ ಅಂಕ ಕಡಿತ, ಐದು ದಿನದ ನಂತರ ಸ್ವೀಕಾರವಿಲ್ಲ ಎಂಬಂಥ ನಿಯಮ ಯಾವುದಾದರೂ ಸರಿ, ಬರಹದಲ್ಲಿರಲಿ ಮತ್ತು ಎಲ್ಲರಿಗೂ ಒಂದೇ ಇರಲಿ. ಹಾಜರಾತಿಯ ಶೇಕಡಾ 75ರ ನಿಯಮವನ್ನು ತಾಸಿಗೆ ಇಳಿಸಿ ಹೇಳಿ: 45ರಲ್ಲಿ 34. ಹನ್ನೊಂದು ತಪ್ಪಿದರೆ ಅಂಚು ಮುಟ್ಟಿದಂತೆ.

ಗ್ರಂಥಪಟ್ಟಿಯಲ್ಲಿ ಮುಖ್ಯ ಓದಿಗೆ ಮೂರು ಪುಸ್ತಕ, ಹೆಚ್ಚಿನ ಓದಿಗೆ ಆರು. ಪುಸ್ತಕದ ಹೆಸರು ಸಾಲದು, ಪುಟಸಂಖ್ಯೆ ಬೇಕು, ವಾರಕ್ಕೆ 25 ಪುಟ ಮೀರದಂತೆ. ಪಟ್ಟಿ ಮಾಡುವ ಮುಂಚೆ ಗ್ರಂಥಾಲಯಕ್ಕೆ ಹೋಗಿ ಪ್ರತಿಗಳನ್ನು ಎಣಿಸಿ. 60 ಮಂದಿಗೆ ಒಂದೇ ಪ್ರತಿ ಇದ್ದರೆ ಅದು ಮುಖ್ಯ ಓದಿನ ಪುಸ್ತಕವಾಗಲಾರದು. ಬೀದರ್, ಕಲಬುರಗಿಯ ತರಗತಿಗಳಲ್ಲಿ ಉರ್ದು, ಮರಾಠಿ ಮನೆಮಾತಿನವರೂ ಕೂತಿರುತ್ತಾರೆ. ತರಫ್, ಜಾಗೀರು, ಅಗ್ರಹಾರ, ಘಟಿಕಾಸ್ಥಾನ, ದತ್ತಿ ಇಂಥ 30 ಪದಗಳಿಗೆ ಒಂದೊಂದು ಸಾಲಿನ ಅರ್ಥಕೋಶ ಕೊನೆಗೆ ಹಾಕಿದರೆ ಕನ್ನಡದವರಿಗೂ ಉಪಕಾರ.

ಕ್ಷೇತ್ರ ಭೇಟಿ ಬೇಕೆಂದರೆ ಒಂದೇ ದಿಕ್ಕು ಹಿಡಿಯಿರಿ. ಮಳಖೇಡ ಮತ್ತು ಸನ್ನತಿ ಒಂದೇ ದಿನದಲ್ಲಿ ಆಗುತ್ತದೆ, ಅದರ ಜೊತೆ ಬೀದರನ್ನೂ ಪೋಣಿಸಿದರೆ ನೋಡಿದ್ದು ರಸ್ತೆ ಮಾತ್ರ. ಬಿಸಿಲೇರುವ ಮೊದಲು, ಫೆಬ್ರವರಿ ಒಳಗೆ.

ಕೊನೆಯದು ತಾಂತ್ರಿಕ ಕಿರಿಕಿರಿ. 'ನುಡಿ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪಾದ ವರ್ಡ್ ಕಡತವನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಅದು ರೋಮನ್ ಲಿಪಿಯ ಚಿಂದಿಯಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತುಗಳನ್ನೂ ಇಸವಿಗಳನ್ನೂ ಕಣ್ಣಾರೆ ನೋಡಿ, ಪಿಡಿಎಫ್ ಮಾಡಿ, ಸಾಧಾರಣ ಮೊಬೈಲೊಂದರಲ್ಲಿ ತೆರೆದು ಓದಿ. ಮೊದಲ ಪುಟದ ಮೇಲೆ ದಿನಾಂಕ ಹಾಕಿ. ನಡುವೆ ತಿದ್ದಿದರೆ ಹೊಸ ದಿನಾಂಕ, ತಿದ್ದಿದ ಸಾಲಿನ ಪಕ್ಕ ಒಂದು ಗೀಟು.