ಕಂಪನಿ ಹೇಳಿದ್ದೇನು, ಮಾಡಿದ್ದೇನು: ಸ್ಟ್ರಾಟಜಿ ಪರೀಕ್ಷೆಗೆ ಒಂದು ಟಿಪ್ಪಣಿ

ಕಲಬುರಗಿಯಲ್ಲಿ ನನ್ನ ಜೊತೆ ಎಂಬಿಎ, ಎಂ.ಕಾಂ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಸಾಫ್ಟ್‌ವೇರ್ ಕಂಪನಿಯೊಂದು 'ಇದು ನಮ್ಮ ಮಾರುಕಟ್ಟೆ ತಂತ್ರ' ಎಂದು ಹೇಳಿಕೊಂಡಿದ್ದಕ್ಕೂ ನಿಜವಾಗಿ ಮಾಡಿದ್ದಕ್ಕೂ ತಾಳೆ ಆಗುತ್ತದೆಯೇ? ಇಂಥ ಪ್ರಶ್ನೆಗೆ ಕಂಪನಿಯ ಮಾತನ್ನೇ ಸುಮ್ನೆ ಇಳಿಸಿ ಬಂದರೆ ಅಂಕ ಸಿಗುವುದಿಲ್ಲ. ದುಡ್ಡು ಎಲ್ಲಿಗೆ ಹೋಯಿತು, ಯಾವುದನ್ನು ಕೈಬಿಟ್ಟರು, ಇದನ್ನು ನೋಡಬೇಕು. ಅದರಲ್ಲೂ ಕೈಬಿಟ್ಟದ್ದೇ ಜಾಸ್ತಿ ಹೇಳುತ್ತದೆ.

ಮೊದಲು ಮ್ಯಾನೇಜ್‌ಮೆಂಟ್ ಚಿಂತಕ ಹೆನ್ರಿ ಮಿಂಟ್ಸ್‌ಬರ್ಗ್ ಅವರ ವಿಚಾರ. ಅಂದುಕೊಂಡ ತಂತ್ರವೇ ಬೇರೆ, ಕೊನೆಗೆ ನಡೆದ ತಂತ್ರವೇ ಬೇರೆ. ಅಂದುಕೊಂಡಿದ್ದರಲ್ಲಿ ಸ್ವಲ್ಪ ನಡೆಯದೇ ಉಳಿಯುತ್ತದೆ. ಅಂದುಕೊಳ್ಳದ್ದು ಕೆಲವು ದಾರಿಯಲ್ಲಿ ಬಂದು ಸೇರುತ್ತದೆ. ಹಾಗಾಗಿ ವ್ಯತ್ಯಾಸ ಕಂಡ ತಕ್ಷಣ 'ಸುಳ್ಳು ಹೇಳಿದರು' ಎಂದು ಬರೆಯಬೇಡಿ.

ಮೈಕ್ರೋಸಾಫ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2014ರ ಫೆಬ್ರವರಿಯಲ್ಲಿ ಸತ್ಯ ನಾದೆಲ್ಲಾ ಸಿಇಒ ಆದರು. 'ಮೊಬೈಲ್ ಫಸ್ಟ್, ಕ್ಲೌಡ್ ಫಸ್ಟ್' ಎಂದರು. ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಕೊಡುವ ಕಂಪ್ಯೂಟರ್ ಸೇವೆ. ಮಾರ್ಚ್‌ನಲ್ಲೇ ಐಪ್ಯಾಡ್‌ಗೆ ಆಫೀಸ್ ಬಿಡುಗಡೆ ಆಯಿತು. ಎದುರಾಳಿ ಆಪಲ್‌ನ ಸಾಧನಕ್ಕೆ ಕೊಟ್ಟರು, ಅದೂ ತಮ್ಮದೇ ವಿಂಡೋಸ್‌ಗೆ ಬೆರಳಿನಿಂದ ಮುಟ್ಟಿ ಬಳಸುವ ಟಚ್ ಆಫೀಸ್ ಬರುವ ಮೊದಲು. ವಿಂಡೋಸನ್ನು ಕಾಪಾಡುವುದೇ ಮುಖ್ಯ ಎಂದಿದ್ದ ಕಂಪನಿಗೆ ಇದು ಸಣ್ಣ ಹೆಜ್ಜೆ ಅಲ್ಲ. ಏಪ್ರಿಲ್‌ನಲ್ಲಿ ನೋಕಿಯಾದ ಫೋನ್ ವ್ಯವಹಾರ ಕೈಗೆ ಬಂತು. ಆ ಒಪ್ಪಂದ 2013ರಲ್ಲಿ, ಹಿಂದಿನ ಸಿಇಒ ಸ್ಟೀವ್ ಬಾಲ್ಮರ್ ಇದ್ದಾಗ ಆದದ್ದು. ಜುಲೈಯಲ್ಲಿ 18,000ದವರೆಗೆ ಉದ್ಯೋಗ ಕಡಿತ ಘೋಷಿಸಿದರು. ಅದರಲ್ಲಿ ಸುಮಾರು 12,500 ನೋಕಿಯಾದಿಂದ ಬಂದವರು. ಮರುವರ್ಷ ಫೋನ್ ವ್ಯವಹಾರದ ಲೆಕ್ಕದಲ್ಲಿ 760 ಕೋಟಿ ಡಾಲರ್ ರೈಟ್ ಆಫ್ ಮಾಡಿದರು, ಅಂದರೆ ಅಷ್ಟು ಹಣ ಹೋಯಿತೆಂದು ಲೆಕ್ಕದಿಂದ ತೆಗೆದರು.

ಹಾಗಾದರೆ 'ಮೊಬೈಲ್ ಫಸ್ಟ್' ಬರೀ ಮಾತೇ? ನಾದೆಲ್ಲಾ ಕೊಟ್ಟ ವಿವರಣೆ ಹೀಗಿದೆ: ಮೊಬೈಲ್ ಎಂದರೆ ಸಾಧನವಲ್ಲ, ಮನುಷ್ಯ ಎಲ್ಲಿಗೆ ಹೋದರೂ ಅವನ ಕೆಲಸ ಜೊತೆಗೆ ಬರಬೇಕು. ಆ ಅರ್ಥದಲ್ಲಿ ಐಪ್ಯಾಡ್ ಆಫೀಸ್ ಸರಿಯಾಗಿ ಕೂರುತ್ತದೆ. ಆದರೆ 2015ರಲ್ಲಿ ಲೆಕ್ಕಪತ್ರದ ವಿಭಾಗಗಳನ್ನು ಹೊಸದಾಗಿ ಮೂರು ಮಾಡಿದಾಗ ಒಂದಕ್ಕೆ 'ಇಂಟೆಲಿಜೆಂಟ್ ಕ್ಲೌಡ್' ಎಂಬ ಹೆಸರು ಬಂತು. ಮೊಬೈಲ್ ಹೆಸರಿನಲ್ಲಿ ಒಂದೂ ಇಲ್ಲ. ಫೋನ್ ಹೋಗಿ ವಿಂಡೋಸ್ ಇರುವ ವಿಭಾಗಕ್ಕೆ ಸೇರಿತು. ನನ್ನ ಲೆಕ್ಕದಲ್ಲಿ ಕ್ಲೌಡ್ ಮಾತಿಗೆ ಪೂರ್ತಿ ಅಂಕ, ಮೊಬೈಲ್ ಮಾತಿಗೆ ಅರ್ಧ. ಪರೀಕ್ಷೆಯಲ್ಲಿ ಇಂಥ ತೀರ್ಪು ಕೊಡುವುದಕ್ಕೆ ಹೆದರಬೇಡಿ, ಕಾರಣ ಬರೆದರೆ ಸಾಕು.

ಎಲಾಸ್ಟಿಕ್ ಕಂಪನಿಯ ಕಥೆ ಇದಕ್ಕಿಂತ ಸರಳ. ಮಾಹಿತಿ ಹುಡುಕುವ ತನ್ನ ಸಾಫ್ಟ್‌ವೇರ್ ಎಲಾಸ್ಟಿಕ್‌ಸರ್ಚ್‌ನ ಅಪಾಚೆ 2.0 ಲೈಸೆನ್ಸ್ ಎಂದೂ ಬದಲಿಸುವುದಿಲ್ಲ ಎಂದು 2018ರಲ್ಲಿ ಹೇಳಿತ್ತು. ಅದು ಓಪನ್ ಸೋರ್ಸ್ ಲೈಸೆನ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಬಹುದು. 2021ರ ಜನವರಿಯಲ್ಲಿ ಬದಲಿಸುವುದಾಗಿ ಘೋಷಿಸಿತು. ಅದೇ ಸಾಫ್ಟ್‌ವೇರನ್ನು ಅಮೆಜಾನ್ ತನ್ನ ಸೇವೆಯಾಗಿ ಮಾರುತ್ತಿದೆ ಎಂಬುದು ಕಂಪನಿಯ ದೂರು. ದೂರಿನಲ್ಲಿ ಹುರುಳಿದೆ. ಆದರೂ 'ಎಂದೂ ಇಲ್ಲ' ಎಂದ ಮೇಲೆ ಬದಲಿಸಿದರೆ ಮಾತು ಮುರಿದಂತೆಯೇ. ಅಮೆಜಾನ್ ಹಳೆಯ ಕೋಡ್ ಹಿಡಿದು ಓಪನ್‌ಸರ್ಚ್ ಎಂಬ ಬೇರೆ ಸಾಫ್ಟ್‌ವೇರ್ ಶುರು ಮಾಡಿತು. 2024ರಲ್ಲಿ ಎಲಾಸ್ಟಿಕ್ ಮತ್ತೆ ಒಂದು ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿತು.

ಇದನ್ನು ನಮ್ಮೂರಲ್ಲೇ ಪರೀಕ್ಷಿಸಿ ನೋಡಬಹುದು. ನೆಹರೂ ಗಂಜ್‌ನಲ್ಲಿ ನಮ್ಮ ಮಾವನ ಅಡತ ಅಂಗಡಿ ಇದೆ. ಅಲ್ಲಿರುವ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಜಾಹೀರಾತು 'ಸಣ್ಣ ವ್ಯಾಪಾರಿಗಳೇ ನಮ್ಮ ಮೊದಲ ಗ್ರಾಹಕರು' ಎನ್ನುತ್ತದೆ. ತೊಗರಿ ತಂದ ರೈತನಿಗೆ ಕೊಡುವ ಪಟ್ಟಿಯಲ್ಲಿ ತೂಕ, ದರ, ಹಮಾಲಿ ಇಷ್ಟೂ ಬರಬೇಕು ಅಲ್ವಾ? ಹಮಾಲಿಗೆ ಅದರಲ್ಲಿ ಕಾಲಮ್ಮೇ ಇಲ್ಲ. ಮುನೀಮರು ಪೆನ್ನಿನಲ್ಲಿ ಬರೆದು ಕೊಡುತ್ತಾರೆ. ಕನ್ನಡದಲ್ಲಿ ಪಟ್ಟಿ ಬೇಕೆಂದರೆ ದುಬಾರಿ ಪ್ಲಾನ್ ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಅಗ್ಗದ ಪ್ಲಾನ್ ಹೊಸಬರಿಗೆ ಈಗ ಸಿಗುವುದಿಲ್ಲ. ಆ ರೈತನ ಕೈಯಲ್ಲಿ ಅವನಿಗೆ ಓದಲು ಬಾರದ ಪಟ್ಟಿ ಕಂಡಾಗ ನನಗೆ ಬೇಸರ ಆಗುತ್ತದೆ.

ಪ್ರಾಜೆಕ್ಟ್ ವರದಿ ಬರೆಯುವವರು ಗಂಜ್‌ನ ಅಂಗಡಿಗಳಲ್ಲಿ ಹಳೆಯ ರಸೀದಿ ಕೇಳಿ. ಹಿಂದೆ ಏನು ಕೊಟ್ಟು ಏನು ಪಡೆದರು, ಈಗ ಏನು ಎಂದು ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಆಯಾ ವರ್ಷದ ಜಾಹೀರಾತಿನ ಮಾತನ್ನು, ತಾರೀಖಿನ ಸಮೇತ, ಇಡಿ.